ಪತ್ರಕ್ಕೆ 5 ಅಂಕ, ಪ್ರಬಂಧಕ್ಕೆ 4

ನಿಪ್ಪಾಣಿಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳ ಮುಂದೆ ಎರಡು ರಾಜ್ಯಗಳ ಪಠ್ಯಗಳಿರುತ್ತವೆ. ಊರಿನಲ್ಲೇ ಇರುವ ಕೆಎಲ್‌ಇ ಸಂಸ್ಥೆಯ ಜಿ.ಐ. ಬಾಗೇವಾಡಿ ಕಾಲೇಜಿಗೆ ಸೇರಿದರೆ ಕರ್ನಾಟಕದ ಪಿಯುಸಿ. ಊರಂಚಿನ ಅರ್ಜುನನಗರದ ದೇವಚಂದ ಕಾಲೇಜಿಗೆ ಹೋದರೆ ಅದು ಕೊಲ್ಹಾಪುರ ಜಿಲ್ಲೆ, ಮಹಾರಾಷ್ಟ್ರ ಮಂಡಳಿ. ಅಲ್ಲಿನ ಹನ್ನೆರಡನೆಯ ತರಗತಿಯ ‘ಯುವಕಭಾರತಿ’ ಇಂಗ್ಲಿಷ್ ಪುಸ್ತಕದಲ್ಲಿ ಗದ್ಯ, ಪದ್ಯದಂತೆಯೇ ಬರವಣಿಗೆಗೂ ಒಂದು ಪ್ರತ್ಯೇಕ ಭಾಗವಿದೆ. ಕಾದಂಬರಿ ಪ್ರಕಾರಕ್ಕೆ ಇನ್ನೊಂದು. ನಮ್ಮ ಪಿಯುಸಿಯಲ್ಲಿ ಸಾಹಿತ್ಯದ ಒಲವಿದ್ದವರು ಐಚ್ಛಿಕ ಕನ್ನಡ ಆರಿಸಿಕೊಳ್ಳಬಹುದು. ಬರೆಯುವುದನ್ನೇ ಕಲಿಸುವ ಐಚ್ಛಿಕ ವಿಷಯ ಇಲ್ಲ.

ಇದು ದೊಡ್ಡ ಕೊರತೆ.

ಕೊರತೆ ಹೈಸ್ಕೂಲಿನಲ್ಲೇ ಶುರುವಾಗುತ್ತದೆ. ನಿಪ್ಪಾಣಿಯೂ ಸೇರಿರುವ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ಕನ್ನಡ ಮಾಧ್ಯಮದ ಹೈಸ್ಕೂಲುಗಳಲ್ಲಿ ಇಂಗ್ಲಿಷ್ ದ್ವಿತೀಯ ಭಾಷೆ. ಎಸ್ಸೆಸ್ಸೆಲ್ಸಿಯಲ್ಲಿ ಅದರ ಲಿಖಿತ ಪರೀಕ್ಷೆಗೆ 80 ಅಂಕ, ಆಂತರಿಕ ಮೌಲ್ಯಮಾಪನಕ್ಕೆ 20. ಪ್ರಶ್ನೆಪತ್ರಿಕೆಯಲ್ಲಿ ಪತ್ರಕ್ಕೆ 5 ಅಂಕ, ಪ್ರಬಂಧಕ್ಕೆ 4. ಇಷ್ಟಕ್ಕೆ ಮಾದರಿ ಉತ್ತರ ಬಾಯಿಪಾಠ ಮಾಡಿದರೆ ಸಾಕು ಎಂಬ ಲೆಕ್ಕ ಎಲ್ಲೆಡೆ ನಡೆಯುತ್ತದೆ. ಮಕ್ಕಳು ಪರಿಸರ ಮಾಲಿನ್ಯದ ಬಗ್ಗೆ ಯಾರೋ ಬರೆದಿಟ್ಟ ಹತ್ತು ಸಾಲು ಒಪ್ಪಿಸುತ್ತಾರೆ. 2019ರ ಆಗಸ್ಟಿನಲ್ಲಿ ಅಥಣಿ, ರಾಯಬಾಗ, ಚಿಕ್ಕೋಡಿ ಭಾಗದ ನದಿದಂಡೆಯ ಹಳ್ಳಿಗಳಿಗೆ ಕೃಷ್ಣೆ ನುಗ್ಗಿದ್ದನ್ನು ಕಣ್ಣಾರೆ ಕಂಡವರ ಮನೆಯ ಮಕ್ಕಳಿವರು! ಆ ನೀರಿನ ಬಗ್ಗೆ ಬರೆಯಲು ಅವರಿಗೆ ಗೈಡು ಬೇಕಿಲ್ಲ.

ಹಾಗೆ ನೋಡಿದರೆ ಪಠ್ಯ ಬಡವಾಗಿಲ್ಲ. ಆರ್.ಕೆ. ನಾರಾಯಣ್ ಅವರ ‘ಎ ಹೀರೋ’ ಹತ್ತನೆಯ ತರಗತಿಗೆ ಪಾಠವಾಗಿ ಬಂದಿದೆ. ಅಪ್ಪನ ಕೋಣೆಯಲ್ಲಿ ಒಬ್ಬನೇ ಮಲಗಬೇಕಾದ ಸ್ವಾಮಿಯ ಅಂಜಿಕೆ ಯಾವ ಹುಡುಗನಿಗೆ ಗೊತ್ತಿಲ್ಲ? ಅದೇ ತರಗತಿಗೆ ವಿ.ಕೃ. ಗೋಕಾಕರ ‘ದಿ ಸಾಂಗ್ ಆಫ್ ಇಂಡಿಯಾ’ ಕವಿತೆಯೂ ಬಂದಿದೆ. ಗೋಕಾಕರು ಆಕ್ಸ್‌ಫರ್ಡ್‌ನಲ್ಲಿ ಇಂಗ್ಲಿಷ್ ಓದಿ ಬಂದು ಸಾಂಗಲಿಯ ವಿಲ್ಲಿಂಗ್ಡನ್ ಕಾಲೇಜಿನ ಪ್ರಾಂಶುಪಾಲರಾದವರು. ಇದೇ ಭಾಗದ ಕಾಗವಾಡದಿಂದ ಸಾಂಗಲಿ ದೂರವೇನಲ್ಲ. ಎರಡೂ ಭಾಷೆಗಳಲ್ಲಿ ಬರೆದು, ಜ್ಞಾನಪೀಠ ಪಡೆದ ಕವಿ ಇಲ್ಲೇ ಪಕ್ಕದಲ್ಲಿ ಮೇಷ್ಟ್ರಾಗಿದ್ದರು ಎಂದು ಹೇಳಿಯೇ ಆ ಪಾಠ ಶುರುವಾಗಬೇಕು.

ಬರವಣಿಗೆ ಯಾಕೆ ಬೇಕು ಎನ್ನುವವರು ಅಥಣಿಯ ಚಪ್ಪಲಿಯನ್ನು ನೋಡಲಿ. ಅಲ್ಲೂ ತಯಾರಾಗುವ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ ಸೇರಿದಂತೆ ಕರ್ನಾಟಕದ ನಾಲ್ಕು ಜಿಲ್ಲೆಗಳೂ ಅದರಲ್ಲಿದ್ದವು. 2025ರ ಜೂನ್‌ನಲ್ಲಿ ಮಿಲಾನ್‌ನ ಫ್ಯಾಷನ್ ಪ್ರದರ್ಶನದಲ್ಲಿ ಪ್ರಾಡಾ ಕಂಪನಿ ಅಂಥದ್ದೇ ಚಪ್ಪಲಿಯನ್ನು ಮೂಲದ ಹೆಸರೆತ್ತದೆ ತೋರಿಸಿತು. ಗದ್ದಲವೆದ್ದ ಮೇಲೆ ಮೂಲವನ್ನು ಒಪ್ಪಿಕೊಂಡಿತು. ಜಗತ್ತಿನ ಪತ್ರಿಕೆಗಳು ಇದರ ಬಗ್ಗೆ ಇಂಗ್ಲಿಷಿನಲ್ಲಿ ಬರೆದವು. ಅಥಣಿ, ನಿಪ್ಪಾಣಿಯ ಕುಶಲಕರ್ಮಿಗಳ ಮನೆಯ ಹುಡುಗಿಯೊಬ್ಬಳು, ತೊಗಲು ಹದಮಾಡುವುದರಿಂದ ಹಿಡಿದು ಹೆಣಿಗೆಯವರೆಗೆ ತಾನು ಕಂಡದ್ದನ್ನು ಅದೇ ಭಾಷೆಯಲ್ಲಿ ಬರೆಯಬಲ್ಲವಳಾಗಬೇಕು.

ಈ ಭಾಗದ ಮಕ್ಕಳ ಕಿವಿಗೆ ಮನೆಯಲ್ಲಿ, ಸಂತೆಯಲ್ಲಿ, ಶಾಲೆಯಲ್ಲಿ ಕನ್ನಡ, ಮರಾಠಿ, ಉರ್ದು, ಹಿಂದಿ ಬೀಳುತ್ತಿರುತ್ತವೆ. ಮೊದಲು ಮನೆಮಾತಿನಲ್ಲಿ ಬರೆದು, ಆಮೇಲೆ ಇಂಗ್ಲಿಷಿಗೆ ತರುವ ದಾರಿ ಅವರಿಗೆ ಸಲೀಸು. ತಪ್ಪುಗಳಿರಲಿ, ಮಾತು ಅವರದಾಗಿರಲಿ.

ಪಿಯು ಮಟ್ಟದಲ್ಲಿ ಹೊಸ ಐಚ್ಛಿಕ ವಿಷಯ ತರುವುದು ಸರ್ಕಾರದ ಕೆಲಸ, ಅದಕ್ಕಾಗಿ ಒತ್ತಾಯಿಸಬೇಕು. ಹೈಸ್ಕೂಲಿನಲ್ಲಾದರೆ ಸರ್ಕಾರಕ್ಕಾಗಿ ಕಾಯುವ ಅಗತ್ಯವಿಲ್ಲ. ಆಂತರಿಕ ಮೌಲ್ಯಮಾಪನದ 20 ಅಂಕ ಶಿಕ್ಷಕರ ಕೈಯಲ್ಲೇ ಇದೆ. ಚಿಕ್ಕೋಡಿ ಭಾಗದ ಇಂಗ್ಲಿಷ್ ಶಿಕ್ಷಕರು ವಾರಕ್ಕೊಂದು ಪಿರಿಯಡ್ಡನ್ನು ಮಕ್ಕಳ ಸ್ವಂತ ಬರಹಕ್ಕೆ ಬಿಟ್ಟುಕೊಡಲಿ, ಬರೆದದ್ದನ್ನು ತರಗತಿಯಲ್ಲಿ ಓದಿಸಲಿ.