ಮುಂದಿನ ಓಟದಲ್ಲಿ ಗೆಲ್ಲುವವರಾರು?

2027ನೆಯ ಇಸವಿಯ ಆಗಸ್ಟ್ 2ರಂದು ಒಂದು ಸಂಪೂರ್ಣ ಸೂರ್ಯಗ್ರಹಣ ಸಂಭವಿಸುವುದೆಂದೂ, ಈಜಿಪ್ಟ್ ದೇಶದ ಲಕ್ಸಾರ್ ಪಟ್ಟಣದ ಬಳಿ ಆರು ನಿಮಿಷಕ್ಕೂ ಹೆಚ್ಚು ಕಾಲ ಸೂರ್ಯಬಿಂಬ ಪೂರ್ಣವಾಗಿ ಮರೆಯಾಗುವುದೆಂದೂ ಖಗೋಲ ವಿಜ್ಞಾನಿಗಳು ಬಹಳ ಹಿಂದೆಯೇ ಗಣಿಸಿಟ್ಟಿದ್ದಾರೆ. ಅದನ್ನು ಯಾರೂ ಸಂದೇಹಿಸುವುದಿಲ್ಲ. ಆದರೆ ಬರುವ ಭಾನುವಾರ ನಡೆಯಲಿರುವ ಒಂದು ಮೋಟಾರ್ ಸೈಕಲ್ ಓಟದಲ್ಲಿ ಮೊದಲಿಗನಾಗುವವನು ಯಾರು ಎಂದು ಕೇಳಿದರೆ ಅದೇ ವಿಜ್ಞಾನವು ಅಷ್ಟು ಧೈರ್ಯವಾಗಿ ಉತ್ತರ ಕೊಡಲಾರದು. ಚಂದ್ರನು ನ್ಯೂಟನ್ನನ ನಿಯಮಗಳಿಗೆ ಅಧೀನ; ಮೋಟಾರ್ ಸೈಕಲ್ಲು ಕೂಡ ಅದೇ ನಿಯಮಗಳಿಗೆ ಅಧೀನ. ಹಾಗಿದ್ದ ಮೇಲೆ ಈ ವ್ಯತ್ಯಾಸವೇಕೆ? ಓಟದ ಫಲಿತಾಂಶವನ್ನು ಮುಂದಾಗಿ ತಿಳಿಯುವುದು ಸಾಧ್ಯವೇ? ಸಾಧ್ಯವಾದರೆ ಎಷ್ಟರ ಮಟ್ಟಿಗೆ? ಇದನ್ನು ಈ ಲೇಖನದಲ್ಲಿ ಪರಿಶೀಲಿಸೋಣ.

ಮೋಟಾರ್ ಸೈಕಲ್ ಓಟಗಳಲ್ಲಿ ಅತ್ಯುಚ್ಚ ದರ್ಜೆಯದು ಮೋಟೋಜಿಪಿ ಎಂಬ ವಿಶ್ವ ಪಂದ್ಯಾವಳಿ. ಒಂದು ಮುಚ್ಚಿದ ಪಥದ ಸುತ್ತ ಇಪ್ಪತ್ತಕ್ಕೂ ಮಿಕ್ಕಿದ ಸವಾರರು ಸುಮಾರು 20ರಿಂದ 30 ಸುತ್ತುಗಳನ್ನು ಓಡುತ್ತಾರೆ. ನೇರ ದಾರಿಯಲ್ಲಿ ವೇಗವು ಗಂಟೆಗೆ 300 ಕಿಲೋಮೀಟರನ್ನು ಮೀರುವುದುಂಟು. ಪ್ರತಿಯೊಂದು ಸುತ್ತಿನ ಕಾಲವನ್ನೂ ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟು ಸೂಕ್ಷ್ಮವಾಗಿ ಅಳೆಯುತ್ತಾರೆ. ಓಟಕ್ಕೆ ಮುಂಚಿನ ದಿನಗಳಲ್ಲಿ ಅಭ್ಯಾಸದ ಸುತ್ತುಗಳು ನಡೆಯುತ್ತವೆ. ಆದ್ದರಿಂದ ಭವಿಷ್ಯ ನುಡಿಯಬಯಸುವವನ ಕೈಯಲ್ಲಿ ಭಾನುವಾರದ ವೇಳೆಗೆ ಸಾಕಷ್ಟು ಅಂಕಿಗಳು ಸೇರಿರುತ್ತವೆ. ಈ ಅಂಕಿಗಳಿಂದ ಏನನ್ನು ಹೇಳಬಹುದು?

ಮೊದಲು ಭೌತವಿಜ್ಞಾನ ಖಚಿತವಾಗಿ ಹೇಳಬಲ್ಲ ಭಾಗವನ್ನು ನೋಡೋಣ. ತಿರುವಿನಲ್ಲಿ ಸಾಗುವ ಮೋಟಾರ್ ಸೈಕಲ್ಲಿಗೆ ತಿರುವಿನ ಕೇಂದ್ರದ ಕಡೆಗೆ ಎಳೆಯುವ ಬಲವೊಂದು ಬೇಕು. ಈ ಕೇಂದ್ರಾಭಿಮುಖ ಬಲವನ್ನು ಒದಗಿಸುವುದು ಟೈರಿಗೂ ರಸ್ತೆಗೂ ನಡುವಣ ಘರ್ಷಣೆ. ಸವಾರನು ಒಳಕ್ಕೆ ವಾಲಿಕೊಳ್ಳದಿದ್ದರೆ ಈ ಬಲವು ವಾಹನವನ್ನು ಹೊರಕ್ಕೆ ಉರುಳಿಸಿಬಿಡುವುದು. ವಾಲುವಿಕೆಯ ಕೋನದ ಸ್ಪರ್ಶಕವು, ವೇಗದ ವರ್ಗವನ್ನು ತಿರುವಿನ ತ್ರಿಜ್ಯ ಮತ್ತು ಗುರುತ್ವ ವೇಗೋತ್ಕರ್ಷಗಳ ಗುಣಲಬ್ಧದಿಂದ ಭಾಗಿಸಿದಷ್ಟಿರಬೇಕು. ಈ ಸವಾರರು 60 ಡಿಗ್ರಿಗಿಂತಲೂ ಹೆಚ್ಚು ವಾಲುವುದನ್ನು ಚಿತ್ರಗಳಲ್ಲಿ ಕಾಣಬಹುದು. 60 ಡಿಗ್ರಿಯ ಸ್ಪರ್ಶಕ 1.73. 50 ಮೀಟರ್ ತ್ರಿಜ್ಯದ ತಿರುವಿಗೆ ಈ ಬೆಲೆಯನ್ನು ಅಳವಡಿಸಿದರೆ ವೇಗವು ಸೆಕೆಂಡಿಗೆ ಸುಮಾರು 29 ಮೀಟರ್, ಎಂದರೆ ಗಂಟೆಗೆ 105 ಕಿಲೋಮೀಟರ್ ಎಂದು ಸಿಗುತ್ತದೆ. ಟೈರಿನ ಅಗಲ, ಸವಾರನು ಮೈ ಚಾಚುವ ರೀತಿ ಮೊದಲಾದುವುಗಳಿಂದ ಈ ಲೆಕ್ಕ ಸ್ವಲ್ಪ ಬದಲಾಗುವುದಾದರೂ ತತ್ತ್ವ ಬದಲಾಗುವುದಿಲ್ಲ.

ಹೀಗೆ ಪಥದ ಒಂದೊಂದು ತಿರುವನ್ನೂ ಒಂದೊಂದು ನೇರ ದಾರಿಯನ್ನೂ ಗಣಿಸುತ್ತ ಹೋದರೆ ಒಂದು ಸುತ್ತಿಗೆ ಎಷ್ಟು ಕಾಲ ಹಿಡಿಯುವುದೆಂಬುದನ್ನು ಸಾಕಷ್ಟು ಹತ್ತಿರವಾಗಿ ಹೇಳಬಹುದು. ತೊಡಕು ಇರುವುದು ‘ಸಾಕಷ್ಟು’ ಎಂಬ ಮಾತಿನಲ್ಲಿ. ತಿರುವಿನ ಗರಿಷ್ಠ ವೇಗವು ಘರ್ಷಣೆಯ ಗುಣಾಂಕದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ. ರಸ್ತೆ ಬಿಸಿಯೇರಿಯೋ ಟೈರು ಸವೆದೋ ಘರ್ಷಣೆಯು ನೂರಕ್ಕೆ 2ರಷ್ಟು ಕುಗ್ಗಿತೆನ್ನೋಣ. ತಿರುವಿನ ವೇಗ ನೂರಕ್ಕೆ 1ರಷ್ಟು ಕುಗ್ಗುವುದು. 90 ಸೆಕೆಂಡಿನ ಸುತ್ತಿನಲ್ಲಿ ಅರ್ಧ ಕಾಲವು ತಿರುವುಗಳಲ್ಲೇ ಕಳೆಯುವುದಾದರೆ ಸುತ್ತಿಗೆ 0.45 ಸೆಕೆಂಡ್ ನಷ್ಟ. 25 ಸುತ್ತುಗಳಲ್ಲಿ 11 ಸೆಕೆಂಡಿಗೂ ಹೆಚ್ಚು. ಇದು ಎಲ್ಲರಿಗೂ ಸಮನಾಗಿ ತಟ್ಟಿದರೆ ಚಿಂತೆಯಿಲ್ಲ. ಆದರೆ ಒಬ್ಬನ ಟೈರು ಇನ್ನೊಬ್ಬನ ಟೈರಿಗಿಂತ ಬೇಗ ಸವೆದರೆ? ಮುಂದಾಳುಗಳ ನಡುವಣ ಅಂತರ ಅನೇಕ ವೇಳೆ ಒಂದೆರಡು ಸೆಕೆಂಡುಗಳಷ್ಟೆ. ನಮ್ಮ ಲೆಕ್ಕದಲ್ಲಿನ ಅಲ್ಪ ಅನಿಶ್ಚಯವು ಆ ಅಂತರವನ್ನು ನುಂಗಿಹಾಕುತ್ತದೆ. ಪಥದ ಗುಣಗಳಿಂದ ಲೆಕ್ಕ ಹಾಕಿ ಗೆದ್ದವನನ್ನು ಗುರುತಿಸುವುದು ಆದ್ದರಿಂದಲೇ ಕಷ್ಟ.

ಇನ್ನೊಂದು ಮಾರ್ಗವುಂಟು. ಕಾರಣಗಳನ್ನು ಬಿಟ್ಟು, ಅಭ್ಯಾಸದಲ್ಲಿ ಅಳೆದ ಕಾಲಗಳನ್ನೇ ಆಧಾರವಾಗಿಟ್ಟುಕೊಳ್ಳುವುದು. ‘ಕ’ ಮತ್ತು ‘ಚ’ ಎಂಬ ಇಬ್ಬರು ಸವಾರರಿರಲಿ. ಅಭ್ಯಾಸದಲ್ಲಿ ಇಬ್ಬರೂ ಹತ್ತು ಹತ್ತು ಸುತ್ತು ಓಡಿದರು; ‘ಕ’ನ ಸರಾಸರಿ ಕಾಲ ‘ಚ’ನದಕ್ಕಿಂತ 0.1 ಸೆಕೆಂಡ್ ಕಡಿಮೆ. ಆದರೆ ಯಾವ ಸವಾರನೂ ಎಲ್ಲ ಸುತ್ತುಗಳನ್ನೂ ಒಂದೇ ಕಾಲದಲ್ಲಿ ಮುಗಿಸುವುದಿಲ್ಲ. ಇಬ್ಬರ ಸುತ್ತುಗಳೂ ತಮ್ಮ ಸರಾಸರಿಯಿಂದ ಈಚೆಗೂ ಆಚೆಗೂ 0.3 ಸೆಕೆಂಡಿನಷ್ಟು ತೊನೆಯುತ್ತವೆಂದು ಭಾವಿಸೋಣ. ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಮಾನಕ ವಿಚಲನೆ ಎಂದು ಹೆಸರು.

ಓಟ 25 ಸುತ್ತುಗಳದು. ‘ಕ’ನು ಒಟ್ಟಿನಲ್ಲಿ 2.5 ಸೆಕೆಂಡ್ ಮುಂದಿರಬೇಕು. ತೊನೆದಾಟವು ಮಾತ್ರ 25 ಪಟ್ಟು ಹೆಚ್ಚುವುದಿಲ್ಲ. ಒಂದು ಸುತ್ತಿನಲ್ಲಿ ಕಳೆದುಕೊಂಡುದನ್ನು ಇನ್ನೊಂದರಲ್ಲಿ ಗಳಿಸಿಕೊಳ್ಳುವುದರಿಂದ ಅದು 25ರ ವರ್ಗಮೂಲದಂತೆ, ಎಂದರೆ 5 ಪಟ್ಟು ಮಾತ್ರ ಬೆಳೆಯುತ್ತದೆ. ಒಬ್ಬೊಬ್ಬನಿಗೆ 1.5 ಸೆಕೆಂಡ್, ಇಬ್ಬರ ಅಂತರಕ್ಕೆ 2.1 ಸೆಕೆಂಡ್. ಗೌಸನ ಗಂಟೆಯಾಕಾರದ ವಕ್ರರೇಖೆಯ ಪಟ್ಟಿಯನ್ನು ನೋಡಿದರೆ, ಇಂಥ ನೂರು ಓಟಗಳಲ್ಲಿ ಸುಮಾರು 88ರಲ್ಲಿ ‘ಕ’ನು ಮುಂದಿರುವನೆಂದು ತಿಳಿಯುತ್ತದೆ.

ಇಷ್ಟಕ್ಕೆ ಸಂತೋಷಪಟ್ಟು ಲೇಖನಿಯನ್ನು ಕೆಳಗಿಡುವವರೇ ಬಹಳ. ಆದರೆ ಈ ಲೆಕ್ಕದಲ್ಲಿ ಒಂದು ದೊಡ್ಡ ಕೊರತೆಯಿದೆ. ‘ಕ’ನ ಮೇಲುಗೈ 0.1 ಸೆಕೆಂಡ್ ಎಂದೆವಷ್ಟೆ. ಅದು ನಮಗೆ ತಿಳಿದುದು ಹೇಗೆ? ಹತ್ತೇ ಸುತ್ತುಗಳ ಸರಾಸರಿಯಿಂದ. ಆ ಸರಾಸರಿಯಲ್ಲಿಯೇ ಅನಿಶ್ಚಯವಿದೆ: 0.3ನ್ನು 10ರ ವರ್ಗಮೂಲದಿಂದ ಭಾಗಿಸಿದರೆ ಒಬ್ಬನಿಗೆ ಸುಮಾರು 0.095 ಸೆಕೆಂಡ್, ಇಬ್ಬರ ಅಂತರಕ್ಕೆ ಸುಮಾರು 0.134 ಸೆಕೆಂಡ್. ನಾವು ಅಳೆದ ಅಂತರಕ್ಕಿಂತ ಅಳತೆಯ ಅನಿಶ್ಚಯವೇ ದೊಡ್ಡದು! ಅಷ್ಟೇ ಅಲ್ಲ. ಈ ದೋಷವು ಸುತ್ತಿನಿಂದ ಸುತ್ತಿಗೆ ಒಂದನ್ನೊಂದು ಕಳೆದುಕೊಳ್ಳುವಂಥದಲ್ಲ. ಪ್ರತಿ ಸುತ್ತಿನಲ್ಲಿಯೂ ಒಂದೇ ದಿಕ್ಕಿಗೆ ಸೇರುತ್ತ ಹೋಗಿ 25 ಪಟ್ಟು ಬೆಳೆದು 3.35 ಸೆಕೆಂಡ್ ಆಗುತ್ತದೆ.

ಪ್ರಯೋಗಶಾಲೆಯಲ್ಲಿ ಕೆಲಸ ಮಾಡಿದ ವಿದ್ಯಾರ್ಥಿಗಳಿಗೆ ಇದು ಪರಿಚಿತವಾದ ವಿಷಯ. ಅಳತೆಪಟ್ಟಿಯನ್ನು ಓದುವಾಗ ಕಣ್ಣು ಒಮ್ಮೆ ಹೆಚ್ಚಾಗಿ ಒಮ್ಮೆ ಕಡಿಮೆಯಾಗಿ ಓದುವುದು ಒಂದು ಬಗೆಯ ದೋಷ. ಅಳತೆಪಟ್ಟಿಯೇ ಗಿಡ್ಡವಾಗಿರುವುದು ಮತ್ತೊಂದು ಬಗೆಯದು. ಮೊದಲನೆಯದನ್ನು ಮತ್ತೆ ಮತ್ತೆ ಅಳೆದು ಕುಗ್ಗಿಸಬಹುದು. ಎರಡನೆಯದು ಅಳೆದಷ್ಟೂ ಜೊತೆಗೇ ಬರುತ್ತದೆ. ಎರಡನ್ನೂ ವರ್ಗಗಳ ಮೊತ್ತದ ಮೂಲಕ ಸೇರಿಸಿದರೆ ಅಂತರದ ಅನಿಶ್ಚಯ ಸುಮಾರು 4 ಸೆಕೆಂಡ್ ಆಗುವುದು. ‘ಕ’ನ 88 ಈಗ 74ಕ್ಕೆ ಇಳಿಯುತ್ತದೆ.

ಇನ್ನು ಬೀಳುವ ಸಂಭವ. ಇಬ್ಬರಿಗೂ ಹತ್ತರಲ್ಲೊಂದು ಓಟದಲ್ಲಿ ಬಿದ್ದು ಹೊರಬೀಳುವ ಸಂಭವವಿದೆಯೆಂದಿಟ್ಟುಕೊಳ್ಳೋಣ. ನೂರು ಓಟಗಳಲ್ಲಿ 81ರಲ್ಲಿ ಇಬ್ಬರೂ ಗುರಿ ಮುಟ್ಟುವರು. ಅವುಗಳಲ್ಲಿ ‘ಕ’ನಿಗೆ 60. ‘ಚ’ನು ಮಾತ್ರ ಬೀಳುವ 9 ಓಟಗಳೂ ‘ಕ’ನವೇ. ಒಟ್ಟು 69. ಅಭ್ಯಾಸದಲ್ಲಿ ಮೇಲುಗೈಯಾದ ಸವಾರನನ್ನು ಕುರಿತು ನಾವು ಪ್ರಾಮಾಣಿಕವಾಗಿ ಹೇಳಬಹುದಾದುದು ಇಷ್ಟೆ: ಒಬ್ಬನೇ ಎದುರಾಳಿಯ ಮುಂದೆಯೂ ನೂರಕ್ಕೆ 69. ಎದುರಾಳಿಗಳು ಇಪ್ಪತ್ತು ಮಂದಿಯಿದ್ದರೆ ಎಲ್ಲರನ್ನೂ ಮೀರಿಸುವ ಸಂಭವ ಇನ್ನೂ ಕಡಿಮೆ.

ಇದು ಬರಿಯ ಕಾಗದದ ಲೆಕ್ಕವಲ್ಲವೆಂಬುದಕ್ಕೆ 2006ನೆಯ ಇಸವಿಯ ಮೋಟೋಜಿಪಿ ಒಳ್ಳೆಯ ಸಾಕ್ಷಿ. ಆ ವರ್ಷದ ಕಡೆಯ ಓಟ ಅಕ್ಟೋಬರ್ 29ರಂದು ಸ್ಪೇನಿನ ವಲೆನ್ಸಿಯಾದಲ್ಲಿ. ಇಟಲಿಯ ವಲೆಂಟೀನೊ ರೊಸ್ಸಿಗೆ 244 ಅಂಕಗಳು, ಅಮೆರಿಕದ ನಿಕಿ ಹೇಡನ್ನನಿಗೆ 236. ಗೆದ್ದವನಿಗೆ 25, ಎರಡನೆಯವನಿಗೆ 20, ಮೂರನೆಯವನಿಗೆ 16 ಅಂಕಗಳು. ರೊಸ್ಸಿ ಎರಡನೆಯವನಾಗಿ ಬಂದರೂ ಸಾಕು, ಹೇಡನ್ ಗೆದ್ದರೂ ಪ್ರಶಸ್ತಿ ರೊಸ್ಸಿಯದೇ. ಮೇಲಾಗಿ ಅರ್ಹತಾ ಸುತ್ತಿನಲ್ಲಿ ಎಲ್ಲರಿಗಿಂತ ವೇಗವಾಗಿ ಓಡಿ ಮೊದಲ ಸ್ಥಾನದಿಂದ ಹೊರಡುವವನೂ ಅವನೇ. ಯಾರಾದರೂ ಅವನ ಕಡೆಗೇ ಬೆರಳು ತೋರಿಸುತ್ತಿದ್ದರು. ಆದರೆ ಐದನೆಯ ಸುತ್ತಿನಲ್ಲಿ ರೊಸ್ಸಿ ಜಾರಿ ಬಿದ್ದನು. ಎದ್ದು ಮತ್ತೆ ಓಡಿಸಿ 13ನೆಯವನಾಗಿ 3 ಅಂಕ ಗಳಿಸಿದನು. ಮೂರನೆಯವನಾಗಿ ಬಂದ ಹೇಡನ್ 252-247ರಿಂದ ವಿಶ್ವ ಪ್ರಶಸ್ತಿಯನ್ನು ಪಡೆದನು. ಓಟವನ್ನು ಗೆದ್ದವನಾದರೋ, ಗಾಯಗೊಂಡ ಸವಾರನೊಬ್ಬನ ಬದಲಿಗೆ ಬಂದಿದ್ದ ಆಸ್ಟ್ರೇಲಿಯದ ಟ್ರಾಯ್ ಬೇಲಿಸ್!

ಇದಕ್ಕಿಂತಲೂ ಸ್ವಾರಸ್ಯವಾದುದು ಅದರ ಹಿಂದಿನ ಓಟ. ಅಕ್ಟೋಬರ್ 15ರಂದು ಪೋರ್ಚುಗಲ್ಲಿನ ಎಸ್ಟೋರಿಲ್‌ನಲ್ಲಿ ರೊಸ್ಸಿಯನ್ನು ಸ್ಪೇನಿನ ಟೋನಿ ಎಲಿಯಾಸ್ ಸೋಲಿಸಿದ್ದನು. ಅಂತರ 0.002 ಸೆಕೆಂಡ್. ಗಂಟೆಗೆ 250 ಕಿಲೋಮೀಟರ್ ವೇಗದಲ್ಲಿ ಅಷ್ಟು ಕಾಲದಲ್ಲಿ ಸಾಗುವ ದೂರ 14 ಸೆಂಟಿಮೀಟರ್. ಒಂದು ಗೇಣಿಗಿಂತ ಕಡಿಮೆ. ಆ ಒಂದು ಗೇಣಿಗೆ ರೊಸ್ಸಿ ತೆತ್ತ ಬೆಲೆ 5 ಅಂಕ, ಮತ್ತು ಅವನು ವಿಶ್ವ ಪ್ರಶಸ್ತಿಯನ್ನು ಕಳೆದುಕೊಂಡುದೂ ಅಷ್ಟೇ 5 ಅಂಕಗಳಿಂದ. ಅಂಕಗಳು ಸಮನಾಗಿದ್ದರೆ ಹೆಚ್ಚು ಓಟಗಳನ್ನು ಗೆದ್ದ ರೊಸ್ಸಿಗೇ ಪ್ರಶಸ್ತಿ ಸಲ್ಲುತ್ತಿತ್ತು. ಇಡೀ ವರ್ಷದ ಫಲವು ಗೇಣಿನ ಮೇಲೆ ನಿಂತಿರುವಾಗ ಯಾವ ಲೆಕ್ಕವು ಅದನ್ನು ಮುಂದಾಗಿ ಹೇಳೀತು?

ನಮ್ಮ ದೇಶದಲ್ಲಿ ಮೊದಲ ಬಾರಿಗೆ ಈ ಪಂದ್ಯ ನಡೆದುದು 2023ರ ಸೆಪ್ಟೆಂಬರ್ 24ರಂದು, ಗ್ರೇಟರ್ ನೋಯ್ಡಾದ ಬುದ್ಧ್ ಪಥದಲ್ಲಿ. ಆ ಪಥದಲ್ಲಿ ಹಿಂದಿನ ಮೋಟೋಜಿಪಿ ಓಟಗಳ ಅಂಕಿಗಳೇ ಇರಲಿಲ್ಲ. ಬಿಸಿಲಿನ ತಾಪದಿಂದಾಗಿ 24 ಸುತ್ತುಗಳ ಓಟವನ್ನು 21ಕ್ಕೆ ಇಳಿಸಿದರು. ಮೊದಲ ಸ್ಥಾನದಿಂದ ಹೊರಟ ಮಾರ್ಕೊ ಬೆಟ್ಸೆಕಿ ಗೆದ್ದನು. ಅಂದು ಅಂಕಪಟ್ಟಿಯಲ್ಲಿ ಮುಂದಿದ್ದ ಫ್ರಾಂಚೆಸ್ಕೊ ಬಾನ್ಯಾಯಾ ನಡುವೆ ಬಿದ್ದು ಹೊರಗುಳಿದನು. ಅರ್ಹತಾ ಸುತ್ತಿನ ಅಂಕಿಯನ್ನು ನಂಬಿದವನಿಗೆ ಆ ದಿನ ಜಯ. ಅಂಕಪಟ್ಟಿಯನ್ನು ನಂಬಿದವನಿಗೆ ಸೋಲು. ವಲೆನ್ಸಿಯಾದಲ್ಲಿ ಅರ್ಹತಾ ಸುತ್ತನ್ನು ನಂಬಿದವನೂ ಸೋತಿದ್ದನು.

ಹಾಗಾದರೆ ‘ನೂರಕ್ಕೆ 69’ ಎಂಬ ಮಾತು ನುಣುಚಿಕೊಳ್ಳುವ ಉಪಾಯವಲ್ಲವೇ, ಗೆದ್ದರೂ ಸರಿ ಸೋತರೂ ಸರಿಯೆನ್ನುವಂತಿದೆಯಲ್ಲ ಎಂದು ಓದುಗರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಒಂದೇ ಓಟದಿಂದ ಅಂಥ ಮಾತಿನ ಸತ್ಯಾಸತ್ಯವನ್ನು ನಿರ್ಣಯಿಸಲಾಗುವುದಿಲ್ಲ. ಹಲವು ಓಟಗಳಿಂದ ನಿರ್ಣಯಿಸಬಹುದು. ಅದಕ್ಕೆ ಗ್ಲೆನ್ ಬ್ರಯರ್ ಎಂಬ ಅಮೆರಿಕದ ಹವಾಶಾಸ್ತ್ರಜ್ಞನು 1950ರಲ್ಲಿ ಒಂದು ಅಳತೆಗೋಲನ್ನು ಸೂಚಿಸಿದನು. ಮಳೆಯ ಮುನ್ಸೂಚನೆಗಳನ್ನು ತೂಗಿ ನೋಡುವುದು ಅವನ ಉದ್ದೇಶವಾಗಿತ್ತು. ಓಟಕ್ಕೂ ಅದು ಸಲ್ಲುತ್ತದೆ. ನುಡಿದುದು ನಡೆದರೆ 1, ನಡೆಯದಿದ್ದರೆ 0 ಎಂದು ಬರೆದುಕೊಳ್ಳಿ. ಅದಕ್ಕೂ ನೀವು ಹೇಳಿದ ಸಂಭವಕ್ಕೂ ಇರುವ ವ್ಯತ್ಯಾಸವನ್ನು ವರ್ಗ ಮಾಡಿ. ಹಲವು ಓಟಗಳಲ್ಲಿ ಬಂದ ಈ ವರ್ಗಗಳ ಸರಾಸರಿಯೇ ನಿಮ್ಮ ದಂಡ. ಅದು ಕಡಿಮೆಯಿದ್ದಷ್ಟೂ ಒಳ್ಳೆಯದು.

ಮೂವರು ಭವಿಷ್ಯಕಾರರನ್ನು ಈ ಗೋಲಿನಿಂದ ಅಳೆಯೋಣ. ‘ಕ’ನು ನಿಜವಾಗಿಯೂ ನೂರಕ್ಕೆ 69 ಸಲ ಮುಂದೆ ಬರುವವನು. ಮೊದಲನೆಯವನು ಪ್ರತಿ ಸಲವೂ ‘ಕನೇ ಬರುವನು, ಸಂದೇಹವೇ ಇಲ್ಲ’ ಎನ್ನುತ್ತಾನೆ. 31 ಸಲ ಅವನು ಪೂರ್ಣವಾಗಿ ತಪ್ಪುವುದರಿಂದ ಅವನ ದಂಡ 0.31. ಎರಡನೆಯವನು ‘ನನಗೇನೂ ತಿಳಿಯದು, ಅರ್ಧಕ್ಕರ್ಧ’ ಎನ್ನುತ್ತಾನೆ. ಅವನ ದಂಡ ಯಾವಾಗಲೂ 0.25. ಮೂರನೆಯವನು 0.69 ಎನ್ನುತ್ತಾನೆ, ಅವನದು 0.21. ಇಲ್ಲಿ ಗಮನಿಸಬೇಕಾದುದು ಮೂರನೆಯವನ ಗೆಲುವಲ್ಲ, ಮೊದಲನೆಯವನ ಸೋಲು. ಹೆಚ್ಚು ಸಲ ಅವನ ಮಾತೇ ನಿಜವಾಯಿತು. ಆದರೂ, ತನಗೇನೂ ತಿಳಿಯದೆಂದು ಒಪ್ಪಿಕೊಂಡವನಿಗಿಂತಲೂ ಅವನು ಕೆಳಗಾದನು. ಅರ್ಧ ತಿಳಿವಳಿಕೆಗೆ ಪೂರ್ಣ ನಿಶ್ಚಯದ ವೇಷ ಹಾಕಿದರೆ ಆ ತಿಳಿವಳಿಕೆಯ ಪ್ರಯೋಜನವೂ ಹೋಗುತ್ತದೆ. ‘ಖಂಡಿತ ಗೆಲ್ಲುವವನನ್ನು ಹೇಳಿಕೊಡುತ್ತೇವೆ’ ಎಂದು ಹಣ ಕೇಳುವವರ ಮಾತಿಗೆ ಮರುಳಾಗುವ ಮುನ್ನ ತರುಣರು ಈ ಮೂರು ಅಂಕಿಗಳನ್ನು ನೆನೆಯುವುದು ಮೇಲು.

ಗ್ರಹಣಕ್ಕೂ ಓಟಕ್ಕೂ ಇರುವ ವ್ಯತ್ಯಾಸ ಈಗ ಸ್ಪಷ್ಟವಾಗಿರಬಹುದು. ಚಂದ್ರನ ದಾರಿಯಲ್ಲಿ ಸವೆಯುವ ಟೈರಿಲ್ಲ, ಬಿಸಿಯೇರುವ ರಸ್ತೆಯಿಲ್ಲ, ಪಕ್ಕದಿಂದ ನುಗ್ಗುವ ಎದುರಾಳಿಯಿಲ್ಲ. ಅವನ ಚಲನೆಯಲ್ಲಿನ ಅನಿಶ್ಚಯವು ನಾವು ಕೇಳುವ ಪ್ರಶ್ನೆಗಿಂತ ಬಹಳ ಚಿಕ್ಕದು. ಓಟದಲ್ಲಿಯಾದರೋ ಅನಿಶ್ಚಯವೂ ಪ್ರಶ್ನೆಯೂ ಒಂದೇ ಗಾತ್ರದವು. ನಿಯಮಗಳು ಎರಡು ಕಡೆಯೂ ಒಂದೇ. ಬೇರೆಯಾದುದು ನಮ್ಮ ಅಳತೆಗಳ ಸೂಕ್ಷ್ಮತೆ ಮತ್ತು ನಾವು ಕೇಳುವ ಅಂತರದ ಸೂಕ್ಷ್ಮತೆ ಇವುಗಳ ಪ್ರಮಾಣ.

ಮುಂದಿನ ಓಟಕ್ಕೆ ಮೊದಲು ವಿದ್ಯಾರ್ಥಿಗಳು ಇದನ್ನು ತಾವೇ ಪರೀಕ್ಷಿಸಬಹುದು. ಇಬ್ಬರು ಸವಾರರನ್ನು ಆರಿಸಿಕೊಂಡು, ಪ್ರಕಟವಾದ ಅಭ್ಯಾಸದ ಕಾಲಗಳಿಂದ ಸರಾಸರಿಯನ್ನೂ ವಿಚಲನೆಯನ್ನೂ ಗಣಿಸಿ, ಯಾರು ಮುಂದಾಗುವ ಸಂಭವ ಎಷ್ಟೆಂಬುದನ್ನು ಓಟಕ್ಕೆ ಮುಂಚೆಯೇ ಪುಸ್ತಕದಲ್ಲಿ ಬರೆದಿಡಿ. ಓಟವಾದ ಮೇಲೆ ಬರೆದ ಅಂಕಿಯನ್ನು ತಿದ್ದಬೇಡಿ. ಇಂಥ ಇಪ್ಪತ್ತು ಓಟಗಳ ವರ್ಗಗಳ ಸರಾಸರಿಯನ್ನು ಗಣಿಸಿ 0.25ರೊಡನೆ ಹೋಲಿಸಿ ನೋಡಿ. ಅದಕ್ಕಿಂತ ಕಡಿಮೆ ಬಂದರೆ ನಿಮ್ಮ ಅಂಕಿಗಳು ನಿಮಗೆ ಏನನ್ನೋ ಕಲಿಸಿವೆ. ಹೆಚ್ಚು ಬಂದರೆ, ನಿಮಗೆ ತಿಳಿದಿರುವುದಕ್ಕಿಂತ ಹೆಚ್ಚು ತಿಳಿದಿದೆಯೆಂದು ನೀವು ಭಾವಿಸಿದ್ದಿರಿ ಎಂದರ್ಥ.