ನಾಟಿ ಅಂದ್ರೆ ಯಾವುದು? ಹೊಸೂರು–ಕೃಷ್ಣಗಿರಿ ಸೀಮೆಯ ಹೋರಿ ಹಬ್ಬದಲ್ಲಿ ನೋಂದಣಿ ಮತ್ತು ಅರ್ಹತೆ

ಇವತ್ತು ನಾನು ಎತ್ತಿಕೊಂಡಿರುವ ಪ್ರಶ್ನೆ ಚಿಕ್ಕದು. ಒಂದು ಪ್ರಾಣಿಯನ್ನು ನಾಟಿ ತಳಿ ಎಂದು ಸ್ಪರ್ಧೆಗೆ ಇಳಿಸಬೇಕಾದರೆ, ಅದು ನಾಟಿಯೇ ಎಂದು ಹೇಳುವವರು ಯಾರು? ಯಾವ ಆಧಾರದ ಮೇಲೆ ಹೇಳುತ್ತಾರೆ? ಹೊಸೂರು–ಕೃಷ್ಣಗಿರಿ ಸೀಮೆಯಲ್ಲಿ ಈ ಪ್ರಶ್ನೆ ಹೋರಿಗಳ ವಿಷಯದಲ್ಲಿ ಬರುತ್ತದೆ. ಆದರೆ ನಾನು ಕುದುರೆಯಿಂದ ಶುರು ಮಾಡ್ತೀನಿ, ಯಾಕಂದ್ರೆ ಅರ್ಹತೆಯ ಲೆಕ್ಕ ಅಲ್ಲಿ ಬಹಳ ಸ್ಪಷ್ಟವಾಗಿದೆ.

ಬ್ರಿಟನ್ನಿನಲ್ಲಿ ಶೆಟ್ಲೆಂಡ್, ವೆಲ್ಶ್, ಡೇಲ್ಸ್, ಎಕ್ಸ್‌ಮೂರ್ ಮೊದಲಾದ ನಾಡತಳಿಯ ಪುಟ್ಟ ಕುದುರೆಗಳಿವೆ. ಅವುಗಳ ಪ್ರದರ್ಶನದಲ್ಲಿ ತೀರ್ಪುಗಾರರು ನೋಡುವ ಮೊದಲೇ ಕಾಗದ ಮಾತಾಡಿರುತ್ತದೆ. ಪ್ರಾಣಿಯ ಹೆಸರು ಆಯಾ ತಳಿ ಸಂಘದ ವಂಶಾವಳಿ ಪುಸ್ತಕದಲ್ಲಿರಬೇಕು. ಅಪ್ಪ ಯಾರು, ಅವ್ವ ಯಾರು ಎಂಬುದು ದಾಖಲಾಗಿರಬೇಕು. ಗುರುತಿಗೆ ಪಾಸ್‌ಪೋರ್ಟು, ಮೈಯೊಳಗೆ ಮೈಕ್ರೋಚಿಪ್ಪು. ಆಮೇಲೆ ಎತ್ತರದ ಮಿತಿ: ಶೆಟ್ಲೆಂಡ್ 107 ಸೆಂಟಿಮೀಟರ್ ದಾಟುವಂತಿಲ್ಲ. ಶೆಟ್ಲೆಂಡ್ ಸಂಘ ಹುಟ್ಟಿದ್ದು 1890ರಲ್ಲಿ. ಅಂದರೆ ನೂರು ವರ್ಷಕ್ಕೂ ಮಿಕ್ಕಿ ಬರೆದಿಟ್ಟ ವಂಶದ ಲೆಕ್ಕ ಅವರ ಬಳಿ ಇದೆ. ಮಿಶ್ರತಳಿಗಳಿಗೆ ಬೇರೆ ವರ್ಗವೇ ಇದೆ, ಅವು ಇಲ್ಲಿ ನುಗ್ಗುವಂತಿಲ್ಲ.

ಹೊಸೂರಿಗೂ ಕುದುರೆಗೂ ನಂಟು ಇಲ್ಲದೇ ಇಲ್ಲ. ಮತ್ತಿಗಿರಿಯಲ್ಲಿ ಇವತ್ತು ಜಾನುವಾರು ಫಾರಂ ಇರುವ ಜಾಗ 1824ರಲ್ಲಿ ಶುರುವಾದದ್ದು ಕಂಪನಿ ಸೈನ್ಯಕ್ಕೆ ಕುದುರೆ ಒದಗಿಸಲಿಕ್ಕೆ. ಆದರೆ ಊರವರ ಅಭಿಮಾನ ಕಟ್ಟಿಕೊಂಡದ್ದು ಹೋರಿಯ ಸುತ್ತ. ಸಂಕ್ರಾಂತಿ ಕಳೆದ ಮೇಲೆ ಡೆಂಕಣಿಕೋಟೆ, ಶೂಲಗಿರಿ, ಬೇರಿಕೆ ಕಡೆ ಹೋರಿ ಬಿಡೋ ಹಬ್ಬಗಳು ಸಾಲುಸಾಲಾಗಿ ಬರುತ್ತವೆ. ಕೊಂಬಿಗೆ ಅಲಂಕಾರದ ತಟ್ಟಿ ಕಟ್ಟಿ ಹೋರಿ ಬಿಡ್ತಾರೆ, ಹುಡುಗರು ಅದನ್ನ ಕಿತ್ಕೊಳ್ಳೋಕೆ ಬೀಳ್ತಾರೆ. ಹಾವೇರಿ ಕಡೆಯವರು ಕೊಬ್ಬರಿ ಹಾರ ನೆನಪು ಮಾಡ್ಕೊಳ್ಳಿ, ಅದರ ನೆಂಟನೇ ಇದು.

ಈಗ ಕಾನೂನು. 2014ರ ಮೇ 7ರಂದು ಸುಪ್ರೀಂ ಕೋರ್ಟು ಇದನ್ನೆಲ್ಲ ನಿಷೇಧಿಸಿತು. 2017ರ ಜನವರಿಯ ಮರೀನಾ ಚಳವಳಿಯ ಬೆನ್ನಿಗೆ ತಮಿಳುನಾಡು ಪ್ರಾಣಿಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ತಂದಿತು. ಕರ್ನಾಟಕ ಕಂಬಳ ಮತ್ತು ಎತ್ತಿನಗಾಡಿ ಓಟಕ್ಕೆ ತನ್ನದೇ ತಿದ್ದುಪಡಿ ಮಾಡಿಕೊಂಡಿತು, ಮಹಾರಾಷ್ಟ್ರವೂ ಅದೇ ದಾರಿ ಹಿಡಿಯಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಮೂರನ್ನೂ ಎತ್ತಿಹಿಡಿಯಿತು. ತಮಿಳುನಾಡಿನ ಕಾಯ್ದೆಯಲ್ಲಿ ಜಲ್ಲಿಕಟ್ಟು ಎಂಬ ಪದದೊಳಗೆ ನಮ್ಮ ಸೀಮೆಯ ಹಬ್ಬವೂ "ಎರುದು ವಿಡುಂ ವಿಳಾ" ಎಂಬ ಹೆಸರಲ್ಲಿ ಸೇರಿದೆ.

ಗಮನಿಸಬೇಕಾದದ್ದು ಏನಂದ್ರೆ, ಇಲ್ಲಿ ಮೊದಲು ಅರ್ಹತೆ ಪಡೆಯಬೇಕಾದದ್ದು ಹೋರಿ ಅಲ್ಲ, ಊರು. ಹಬ್ಬ ಜನವರಿಯಿಂದ ಮೇ ತಿಂಗಳೊಳಗೆ ಆಗಬೇಕು, ಆ ಊರನ್ನು ಸರ್ಕಾರ ಅಧಿಸೂಚನೆಯಲ್ಲಿ ಹೆಸರಿಸಿರಬೇಕು. ಸಂಘಟಕರು ಜಿಲ್ಲಾಧಿಕಾರಿಗೆ ಅರ್ಜಿ ಹಾಕಬೇಕು, ಜಾಗದ ತಪಾಸಣೆ ಆಗಬೇಕು. ಹೀಗಾಗಿ ಪ್ರತಿ ವರ್ಷ ಹೋರಿಯ ಯಜಮಾನ ತನ್ನ ಕೈಲಿಲ್ಲದ ಒಂದು ಕಾಗದಕ್ಕೆ ಕಾಯುತ್ತಾನೆ. 2023ರ ಫೆಬ್ರವರಿ 2ರಂದು ಶೂಲಗಿರಿ ಹತ್ತಿರದ ಗೋಪಸಂದ್ರದಲ್ಲಿ ಅನುಮತಿ ತಡವಾಯಿತು ಅಂತ ಯುವಕರು ಬೆಂಗಳೂರು–ಕೃಷ್ಣಗಿರಿ ಹೆದ್ದಾರಿಯನ್ನು ಗಂಟೆಗಟ್ಟಲೆ ತಡೆದರು. ಕಲ್ಲು ತೂರಿದರು, ಪೊಲೀಸರು ಅಶ್ರುವಾಯು ಬಿಟ್ಟರು. ಕಲ್ಲು ತೂರಿದ್ದನ್ನ ನಾನು ಸಮರ್ಥಿಸಲ್ಲ. ಆದರೆ ಅದನ್ನ ಬರೀ ಪುಂಡಾಟ ಅಂತ ಬರೆದವರು, ಹಬ್ಬದ ಬೆಳಗಿನವರೆಗೂ ಉತ್ತರ ಗೊತ್ತಾಗದ ವ್ಯವಸ್ಥೆಯ ಬಗ್ಗೆ ಒಂದು ಸಾಲನ್ನಾದರೂ ಸೇರಿಸಬೇಕಿತ್ತು.

ಇನ್ನು ಹೋರಿಯ ಸರದಿ. 2017ರ ನಿಯಮಗಳ ಪ್ರಕಾರ ಪಶುಸಂಗೋಪನಾ ಇಲಾಖೆಯವರು ಆರೋಗ್ಯ ಪರೀಕ್ಷಿಸಬೇಕು. ಮತ್ತು ಬರಿಸುವ, ಕೆರಳಿಸುವ ವಸ್ತು ಕೊಟ್ಟಿಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು. ಪ್ರತಿ ಹೋರಿಗೆ ಕನಿಷ್ಠ 60 ಚದರಡಿ ಜಾಗ, ನೆರಳು, ನೀರು, ಮೇವು ಇರಬೇಕು. ಇದೆಲ್ಲ ಆರೋಗ್ಯದ ಮಾತು, ತಳಿಯ ಮಾತಲ್ಲ. ತಳಿಯ ಪ್ರಶ್ನೆ ಗಟ್ಟಿಯಾಗಿ ಬಂದದ್ದು 2021ರ ಸೆಪ್ಟೆಂಬರಿನಲ್ಲಿ. ಜಲ್ಲಿಕಟ್ಟಿಗೆ ನಾಟಿ ಹೋರಿಗಳನ್ನು ಮಾತ್ರ ಬಿಡಬೇಕು, ಅದು ನಾಟಿ ಎಂದು ಪಶುವೈದ್ಯರು ಪ್ರಮಾಣಪತ್ರ ಕೊಡಬೇಕು, ಸುಳ್ಳು ಪತ್ರ ಕೊಟ್ಟವರ ಮೇಲೆ ಕ್ರಮ ಆಗಬೇಕು ಎಂದು ಮದ್ರಾಸ್ ಹೈಕೋರ್ಟು ಆದೇಶಿಸಿತು. ಕೃತಕ ಗರ್ಭಧಾರಣೆಯ ಬಗ್ಗೆಯೂ ಅದು ಅಸಮಾಧಾನ ತೋರಿಸಿತು.

ಉದ್ದೇಶ ಒಳ್ಳೆಯದೇ. ಆದರೆ ವೈದ್ಯರು ನೋಡೋದು ಏನನ್ನ? ಹಿಣಿಲು, ಗಂಗೆದೊಗಲು, ಕೊಂಬು, ಬಣ್ಣ. ಜೆರ್ಸಿ ಅಥವಾ ಹೋಲ್‌ಸ್ಟೀನ್ ರಕ್ತ ಅರ್ಧ ಇದ್ದರೆ ಹಿಣಿಲು ಕುಗ್ಗಿರುತ್ತದೆ, ಯಾರಿಗಾದರೂ ಗೊತ್ತಾಗುತ್ತದೆ. ಅಂಥ ಹಸುವಿಗೆ ಹಳ್ಳಿಕಾರ್ ಹೋರಿ ಕೊಡಿಸಿ, ಅದರ ಮಗಳಿಗೂ ಹಳ್ಳಿಕಾರ್ ಕೊಡಿಸಿದರೆ, ಮೂರನೇ ತಲೆಗೆ ಹಿಣಿಲು ಬಹುಪಾಲು ವಾಪಸ್ ಬಂದಿರುತ್ತದೆ. ಬರೀ ಕಣ್ಣು ಅದನ್ನು ಹಿಡಿಯುವುದು ಕಷ್ಟ. ವೈದ್ಯರನ್ನ ದೂರಿ ಪ್ರಯೋಜನ ಇಲ್ಲ, ರೂಪದಿಂದ ವಂಶ ಓದು ಅಂತ ಕೇಳ್ತಿದ್ದೀವಿ.

ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಇಲ್ಲಿ ನಾಟಿ ಅಂದ್ರೆ "ಸೀಮೆ ಅಲ್ಲದ್ದು" ಅಂತ ಮಾತ್ರ ಅರ್ಥ. ಹಳ್ಳಿಕಾರ್ ಬೂದು ಮೈಯದು, ಕೊಂಬು ಹಿಂದಕ್ಕೆ ಬಾಗಿ ಆಮೇಲೆ ತುದಿ ಮುಂದಕ್ಕೆ ತಿರುಗುತ್ತದೆ. ಕಾವೇರಿ ದಂಡೆಯ ಆಲಂಬಾಡಿ ಅದರ ಹತ್ತಿರದ ರಕ್ತ, ಮೈ ಇನ್ನೂ ಕಪ್ಪಿಗೆ ತಿರುಗಿದ್ದು, ಹಣೆಯಲ್ಲಿ ಬಿಳಿ ಗುರುತು. ಅಂದಿಯೂರು ಮೇಲಿನ ಬರಗೂರು ಬೆಟ್ಟದಲ್ಲಿ ಕನ್ನಡ ಮಾತಾಡುವ ಲಿಂಗಾಯತರು ಸಾಕಿಕೊಂಡು ಬಂದ ಬರಗೂರು ತಳಿ ಕೆಂಪು ಮೈಯ ಮೇಲೆ ಬಿಳಿ ಮಚ್ಚೆಯದು. ಇವು ಮೂರೂ ಬೆರೆತು ಹುಟ್ಟಿದ ಹೋರಿ ಪ್ರಮಾಣಪತ್ರದ ಲೆಕ್ಕದಲ್ಲಿ ಅಪ್ಪಟ ನಾಟಿ. ಬ್ರಿಟನ್ನಿನಲ್ಲಿ ಶೆಟ್ಲೆಂಡಿಗೂ ಡೇಲ್ಸಿಗೂ ಹುಟ್ಟಿದ ಮರಿಯನ್ನು ಎರಡೂ ಸಂಘದವರು ಒಳಗೆ ಬಿಡಲ್ಲ. ಆದ್ದರಿಂದ ಹೋರಿ ಹಬ್ಬ ನಾಟಿ ತಳಿಗಳನ್ನು ಉಳಿಸುತ್ತದೆ ಎಂಬ ವಾದವನ್ನು ನಾನು ಅರ್ಧ ಮಾತ್ರ ಒಪ್ತೀನಿ. ಹಬ್ಬ ಇರುವುದರಿಂದ ಗಂಡುಕರು ಕಸಾಯಿಖಾನೆಗೆ ಹೋಗದೆ ಕೊಟ್ಟಿಗೆಯಲ್ಲಿ ಉಳಿಯುತ್ತದೆ, ಇದು ನಿಜವಾದ ಲಾಭ. ಆದರೆ ಆಲಂಬಾಡಿ ಆಲಂಬಾಡಿಯಾಗಿಯೇ ಉಳಿಯೋದಕ್ಕೆ ಈ ಅರ್ಹತಾ ನಿಯಮ ಏನೂ ಮಾಡ್ತಿಲ್ಲ.

ಇಲ್ಲೊಂದು ವಿಚಿತ್ರ ಇದೆ. ಊರಿನ ಬೀಜದ ಹೋರಿಗೆ ಕೊಡಿಸಿದರೆ ಅಪ್ಪನ ಗುರುತು ಬಾಯಿಮಾತಲ್ಲಿ ಮಾತ್ರ ಇರುತ್ತದೆ. ಅದೇ ಹಳ್ಳಿಕಾರ್ ವೀರ್ಯದ ಕಡ್ಡಿ ಹಾಕಿಸಿದರೆ ಕಡ್ಡಿಯ ಮೇಲೆ ಹೋರಿಯ ಸಂಖ್ಯೆ, ತಳಿ ಎಲ್ಲ ಅಚ್ಚಾಗಿರುತ್ತದೆ. ಕಿವಿಯ 12 ಅಂಕಿಯ ಓಲೆಯ ಜೊತೆ ಅದನ್ನ ಭಾರತ್ ಪಶುಧನ್ ದಾಖಲೆಗೂ ಸೇರಿಸಬಹುದು. ನ್ಯಾಯಾಲಯ ಅನುಮಾನದಿಂದ ನೋಡಿದ ವಿಧಾನದಲ್ಲೇ ವಂಶದ ಪುರಾವೆ ಗಟ್ಟಿಯಾಗಿ ಸಿಗುತ್ತದೆ!

ಚಾಟ್‌ನಲ್ಲಿ ಒಂದು ಪ್ರಶ್ನೆ ಬಂದಿದೆ: "ಹಾಗಾದ್ರೆ ವಂಶಾವಳಿ ಇದ್ದ ಹೋರಿಗೆ ಮಾತ್ರ ಪ್ರವೇಶ ಅಂತ ಮಾಡಬಹುದಲ್ವಾ?" ನಾಳೆಯೇ ಹಾಗೆ ಮಾಡಿದರೆ ಒಂದೆರಡು ದನ ಸಾಕಿದ ರೈತರು ಹೊರಗೆ, ದುಡ್ಡಿದ್ದವರ ಕೊಟ್ಟಿಗೆಗಳು ಮಾತ್ರ ಒಳಗೆ. ಡೇಲ್ಸ್ ಕುದುರೆಯ ಉದಾಹರಣೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. 1955ರಲ್ಲಿ ಆ ತಳಿಯಲ್ಲಿ ಹೊಸದಾಗಿ ನೋಂದಣಿ ಆದದ್ದು ಬರೀ ನಾಲ್ಕು. 1960ರ ದಶಕದಲ್ಲಿ ಸಂಘದವರು ಕಾಗದವಿಲ್ಲದ, ಆದರೆ ಲಕ್ಷಣ ಸರಿಯಿರುವ ಕುದುರೆಗಳನ್ನು ಪರೀಕ್ಷಿಸಿ ಮೇಲ್ದರ್ಜೆಗೆ ಏರಿಸುವ ಬೇರೆ ವಹಿ ತೆರೆದರು. ಸಾಕಷ್ಟು ಸಂಖ್ಯೆ ಬಂದ ಮೇಲೆ ಮುಚ್ಚಿದರು. ನಮ್ಮಲ್ಲೂ ಹಾಗೆ ಮಾಡಬಹುದು. ಈಗಿನ ಪ್ರಮಾಣಪತ್ರ ಎಲ್ಲರಿಗೂ ಇರಲಿ. ಅದರಲ್ಲಿ ತಳಿಯ ಹೆಸರು, ಓಲೆ ಸಂಖ್ಯೆ, ತಾಯಿಯ ಓಲೆ ಸಂಖ್ಯೆ, ಗೊತ್ತಿದ್ದರೆ ಬೀಜದ ಹೋರಿಯ ಯಜಮಾನನ ಹೆಸರು, ಇಷ್ಟಕ್ಕೆ ಜಾಗ ಬಿಡಿ. ಗೊತ್ತಿಲ್ಲದಿದ್ದರೆ ಖಾಲಿ ಬಿಡಲಿ, ಅದಕ್ಕಾಗಿ ಹೋರಿಯನ್ನ ತಡೆಯೋದು ಬೇಡ. ದಾಖಲೆ ಇದ್ದ ಹೋರಿಗಳಿಗೆ ಒಂದು ಪ್ರತ್ಯೇಕ ಬಹುಮಾನ ಇಟ್ಟರೆ ಸಾಕು, ಮುಂದಿನ ಕರು ಹುಟ್ಟಿದಾಗ ಮನೆಯವರೇ ಬರೆದಿಡೋಕೆ ಶುರು ಮಾಡ್ತಾರೆ.

ಇನ್ನೊಂದು ಪ್ರಶ್ನೆ, ಸುಳಿ ನೋಡೋದನ್ನೂ ಅರ್ಹತೆಗೆ ಸೇರಿಸಬೇಕಾ ಅಂತ. ಸುಳಿ ಕೊಳ್ಳೋರ ನಂಬಿಕೆ, ಸಂತೆಯಲ್ಲಿ ಬೆಲೆ ಕಟ್ಟೋಕೆ ಇರಲಿ. ಗುರುತಿನ ಚಿಹ್ನೆಯಾಗಿ ಅದನ್ನ ಪತ್ರದಲ್ಲಿ ಬರೆದುಕೊಂಡರೆ ಮಾತ್ರ ಅನುಕೂಲ ಇದೆ. ಒಂದು ಹೋರಿಯ ಪತ್ರ ತೋರಿಸಿ ಇನ್ನೊಂದನ್ನ ಬಿಡೋದು ಅಷ್ಟು ಸುಲಭ ಆಗಲ್ಲ.