ಸ್ಟೀಲ್ ಗಿಟಾರಿನ ಲಾಳಾಕೃತಿಯ ಅಯಸ್ಕಾಂತ: ಒಂದು ಐತಿಹಾಸಿಕ ವಿವೇಚನೆ

ಯಂತ್ರೋಪಕರಣಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಹಕ್ಕುಪತ್ರಗಳನ್ನೂ ವ್ಯಾಪಾರ ಸಂಸ್ಥೆಗಳ ದಾಖಲೆಗಳನ್ನೂ ಆಧಾರವಾಗಿ ಹಿಡಿಯುತ್ತಾರೆ. ಆದರೆ ವಸ್ತುವೂ ಒಂದು ದಾಖಲೆಯೇ. ಶಾಸನದ ಕಲ್ಲನ್ನು ನೋಡದೆ ಅದರ ಪಾಠವನ್ನು ಮಾತ್ರ ಓದುವವನಿಗೆ ಕೆಲವು ಸಂಗತಿಗಳು ತಪ್ಪಿಹೋಗುವಂತೆ, ವಸ್ತುವಿನ ಲೋಹವನ್ನು ಪರೀಕ್ಷಿಸದ ಇತಿಹಾಸಕಾರನಿಗೂ ಕೆಲವು ಕಾರಣಗಳು ಮರೆಯಾಗಿಯೇ ಉಳಿಯುತ್ತವೆ. ಈ ಮಾತಿಗೆ ಮೊದಲ ವಿದ್ಯುತ್ ಸ್ಟೀಲ್ ಗಿಟಾರು ಒಳ್ಳೆಯ ನಿದರ್ಶನ. ಅದರ ತಂತಿಗಳನ್ನು ಕಮಾನಿನಂತೆ ಸುತ್ತುವರಿದ ಎರಡು ದಪ್ಪನೆಯ ಲಾಳಾಕೃತಿಯ ಅಯಸ್ಕಾಂತಗಳಿವೆ. ವಾದಕನ ಕೈಗೆ ಅಡ್ಡಬರುವ ಈ ಆಕಾರವನ್ನು ನಿರ್ಮಾಪಕರು ಏಕೆ ಆರಿಸಿಕೊಂಡರೆಂಬುದೇ ಪ್ರಸ್ತುತ ಲೇಖನದ ಪ್ರಶ್ನೆ.

ಸ್ಟೀಲ್ ಗಿಟಾರು ಹವಾಯಿ ದ್ವೀಪಗಳ ಕೊಡುಗೆ. ಈ ಹೆಸರು ಬಂದುದು ತಂತಿಯಿಂದಲ್ಲ, ತಂತಿಯ ಮೇಲೆ ಜಾರಿಸುವ ಉಕ್ಕಿನ ತುಂಡಿನಿಂದ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ರೂಪುಗೊಂಡ ಈ ವಾದನಕ್ರಮದೊಡನೆ ಜೋಸೆಫ್ ಕೆಕುಕು ಎಂಬುವನ ಹೆಸರು ಸೇರಿಕೊಂಡಿದೆ. ೧೯೧೫ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ನಡೆದ ದೊಡ್ಡ ವಸ್ತುಪ್ರದರ್ಶನದ ತರುವಾಯ ಹವಾಯಿ ಸಂಗೀತ ಅಮೆರಿಕದಲ್ಲೆಲ್ಲ ಹಬ್ಬಿತು. ಆದರೆ ವಾದ್ಯದ ದನಿ ಮೆಲುವಾದುದು. ವಾದ್ಯವೃಂದದ ನಡುವೆ ಅದು ಮುಳುಗಿಹೋಗುತ್ತಿತ್ತು. ಈ ಕೊರತೆಯಿಂದ ಬೇಸತ್ತ ವಾದಕರಲ್ಲಿ ಜಾರ್ಜ್ ಬೋಶಾಂ ಒಬ್ಬನು. ಅವನು ಹಳೆಯ ಗ್ರಾಮಫೋನಿನ ಭಾಗಗಳನ್ನೂ ಮರದ ತೊಲೆಗೆ ಬಿಗಿದ ಒಂಟಿ ತಂತಿಯನ್ನೂ ಇಟ್ಟುಕೊಂಡು ಮನೆಯಲ್ಲಿಯೇ ಪ್ರಯೋಗ ನಡೆಸಿದನೆಂದೂ, ಮನೆಬಳಕೆಯ ಯಂತ್ರವೊಂದರ ಮೋಟಾರಿನಿಂದ ತಾಮ್ರದ ಸುರುಳಿಯನ್ನು ಸುತ್ತಿದನೆಂದೂ ಹೇಳಲಾಗುತ್ತದೆ. ೧೯೩೧ರಲ್ಲಿ ಅವನು ಅಡಾಲ್ಫ್ ರಿಕನ್‌ಬ್ಯಾಕರ್ ಮೊದಲಾದವರೊಡನೆ ಲಾಸ್ ಏಂಜಲೀಸಿನಲ್ಲಿ ಸಂಸ್ಥೆಯೊಂದನ್ನು ಕಟ್ಟಿದನು. ಬಾಣಲೆಯನ್ನು ಹೋಲುವ ಅಲ್ಯೂಮಿನಿಯಂ ಒಡಲಿನ ವಾದ್ಯ ೧೯೩೨ರಲ್ಲಿ ಮಾರಾಟಕ್ಕೆ ಬಂದಿತು.

ಇದರ ತತ್ತ್ವ ಹೊಸದಲ್ಲ. ನೂರು ವರ್ಷಗಳ ಹಿಂದೆ, ೧೮೩೧ರಲ್ಲಿ, ಫ್ಯಾರಡೆ ಕಂಡುಹಿಡಿದುದು. ಅಯಸ್ಕಾಂತವು ಉಕ್ಕಿನ ತಂತಿಯನ್ನು ತನ್ನ ಕ್ಷೇತ್ರದೊಳಕ್ಕೆ ಸೆಳೆದುಕೊಂಡಿರುತ್ತದೆ. ತಂತಿ ಕಂಪಿಸಿದಾಗ ಕ್ಷೇತ್ರ ಏರಿಳಿಯುತ್ತದೆ. ಆ ಏರಿಳಿತವು ಕೆಳಗಿನ ಸುರುಳಿಯಲ್ಲಿ ಅಲ್ಪವಾದ ವಿದ್ಯುತ್ತನ್ನು ಹುಟ್ಟಿಸುತ್ತದೆ. ವರ್ಧಕಯಂತ್ರ ಅದನ್ನು ದೊಡ್ಡದು ಮಾಡುತ್ತದೆ. ಸುರುಳಿಯೂ ಅಯಸ್ಕಾಂತವೂ ಕೂಡಿದ ಈ ಭಾಗಕ್ಕೆ ಪಿಕಪ್ ಎಂದು ಹೆಸರು.

ಇನ್ನು ಲಾಳದ ಆಕಾರದ ವಿಚಾರ. ಪ್ರತಿಯೊಂದು ಅಯಸ್ಕಾಂತವೂ ತನ್ನ ಧ್ರುವಗಳ ಪ್ರಭಾವದಿಂದಲೇ ತನ್ನನ್ನು ತಾನು ಕುಂದಿಸಿಕೊಳ್ಳುತ್ತದೆ. ಗಿಡ್ಡನೆಯ ದಪ್ಪ ತುಂಡಿನಲ್ಲಿ ಈ ಕುಂದು ಹೆಚ್ಚು, ಉದ್ದವಾದ ಪಟ್ಟಿಯಲ್ಲಿ ಕಡಿಮೆ. ಈ ಕುಂದನ್ನು ತಡೆದುಕೊಳ್ಳುವ ಶಕ್ತಿಯನ್ನು ಅರ್‌ಸ್ಟೆಡ್ ಎಂಬ ಮಾನದಿಂದ ಅಳೆಯುತ್ತಾರೆ. ಸಾಧಾರಣ ಇಂಗಾಲದ ಉಕ್ಕಿಗೆ ಅದು ಸುಮಾರು ೫೦. ಟಂಗ್‌ಸ್ಟನ್ ಉಕ್ಕಿಗೆ ಸುಮಾರು ೭೦. ಜಪಾನಿನ ಹೋಂಡಾ ಕೋತಾರೋ ೧೯೧೭ರಲ್ಲಿ ರೂಪಿಸಿದ ಕೋಬಾಲ್ಟ್ ಉಕ್ಕಿಗೆ ೨೦೦ಕ್ಕೂ ಮಿಗಿಲು. ಬೋಶಾಂ ಪ್ರಯೋಗ ನಡೆಸುತ್ತಿದ್ದ ೧೯೩೧ರಲ್ಲಿಯೇ ಜಪಾನಿನ ಮಿಶಿಮಾ ತೊಕುಶಿಚಿ ನಿಕಲ್ ಮತ್ತು ಅಲ್ಯೂಮಿನಿಯಂ ಬೆರೆಸಿದ ಪ್ರಬಲ ಮಿಶ್ರಲೋಹವನ್ನು ಕಂಡುಹಿಡಿದನಾದರೂ, ಅದರಿಂದ ಬೆಳೆದ ಆಲ್ನಿಕೊ ಗಿಟಾರುಗಳಲ್ಲಿ ಬಳಕೆಗೆ ಬರಲು ಕಾಲ ಹಿಡಿಯಿತು. ಆದುದರಿಂದ ಉಕ್ಕನ್ನೇ ನೆಚ್ಚಿದ ನಿರ್ಮಾಪಕನಿಗೆ ಉದ್ದವಾದ ಪಟ್ಟಿ ಬೇಕು; ಅದನ್ನು ಸಣ್ಣ ಸ್ಥಳದಲ್ಲಿ ಅಡಗಿಸಲು ಬಗ್ಗಿಸಬೇಕು; ಎರಡು ಧ್ರುವಗಳೂ ತಂತಿಯ ಬಳಿಗೆ ಬರಬೇಕು. ಈ ಮೂರು ಅಗತ್ಯಗಳೂ ಕೂಡಿದರೆ ಆಗುವುದೇ ಲಾಳ. ಆ ಆಕಾರ ಅಲಂಕಾರವಲ್ಲ; ಲೋಹದ ಬಡತನ ವಿಧಿಸಿದ ನಿಯಮ.

ಇದನ್ನು ಮನಗಾಣಬಯಸುವವರು ಅಂಥ ಅಯಸ್ಕಾಂತವೊಂದನ್ನು ಕಮ್ಮಾರನ ನೆರವಿನಿಂದ ಮಾಡಿ ನೋಡಬಹುದು. ಒಳ್ಳೆಯ ಹಳೆಯ ಅರದಲ್ಲಿ ಶೇಕಡ ಒಂದರಷ್ಟು ಇಂಗಾಲವಿರುತ್ತದೆ. ಸುಮಾರು ೨೦ ಸೆಂಟಿಮೀಟರ್ ಉದ್ದದ ತುಂಡನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಅಡೆಗಲ್ಲಿನ ಮೇಲೆ ಲಾಳದಂತೆ ಬಗ್ಗಿಸಿ, ಬೂದಿಯಲ್ಲಿ ಹೂತು ಮೆಲ್ಲನೆ ಆರಲು ಬಿಡಬೇಕು. ಹಲ್ಲುಗಳನ್ನು ಉಜ್ಜುವುದು, ರಂಧ್ರ ಕೊರೆಯುವುದು ಎಲ್ಲವೂ ಉಕ್ಕು ಮೆದುವಾಗಿರುವ ಈ ಹಂತದಲ್ಲಿಯೇ ಮುಗಿಯಬೇಕು. ಬಳಿಕ ಮತ್ತೆ ಕಾಯಿಸಬೇಕು. ಸುಮಾರು ೭೭೦ ಡಿಗ್ರಿ ಸೆಲ್ಸಿಯಸ್ ದಾಟಿದ ಕಬ್ಬಿಣವನ್ನು ಅಯಸ್ಕಾಂತ ಸೆಳೆಯುವುದಿಲ್ಲ. ಆ ಗುರುತು ಕಂಡ ಮೇಲೆ ಇನ್ನೂ ಸ್ವಲ್ಪ ಕಾಯಿಸಿ ನೀರಿನಲ್ಲಿ ಅದ್ದಿದರೆ ಉಕ್ಕು ಗಾಜಿನಂತೆ ಗಡುಸಾಗುತ್ತದೆ. ಆ ಗಡಸುತನವೇ ಕಾಂತತ್ವವನ್ನು ಹಿಡಿದಿಡುವುದು. ಆದುದರಿಂದ ಮತ್ತೆ ಕಾಯಿಸಿ ಹದವನ್ನು ಇಳಿಸಬಾರದು.

ಆಮೇಲೆ ಎರಡು ತೋಳುಗಳಿಗೂ ಹೊದಿಕೆಯುಳ್ಳ ದಪ್ಪ ತಾಮ್ರದ ತಂತಿಯನ್ನು, ತುದಿಗಳಲ್ಲಿ ವಿರುದ್ಧ ಧ್ರುವಗಳು ಮೂಡುವಂತೆ, ಒಟ್ಟು ೨೦೦ ಸುತ್ತು ಸುತ್ತಬೇಕು. ತುದಿಗಳಿಗೆ ಅಡ್ಡಲಾಗಿ ಮೆದುಕಬ್ಬಿಣದ ಪಟ್ಟಿಯನ್ನಿಟ್ಟು, ಮೋಟಾರು ಬಂಡಿಯ ಬ್ಯಾಟರಿಯಿಂದ ೨೦ ಆಂಪೇರ್ ಪ್ರವಾಹವನ್ನು ಕ್ಷಣಕಾಲ ಹರಿಸಿದರೆ ೪,೦೦೦ ಆಂಪೇರ್-ಸುತ್ತುಗಳಾಗುತ್ತವೆ. ಇದು ಸುಮಾರು ೨೫೦ ಅರ್‌ಸ್ಟೆಡ್ ಬಲದ ಕ್ಷೇತ್ರ. ಅಂದರೆ ಆ ಉಕ್ಕಿನ ತಡೆಯುವ ಶಕ್ತಿಯ ಐದರಷ್ಟು. ಪ್ರವಾಹವನ್ನು ಕಡಿಯುವಾಗ ಕಿಡಿ ಹಾರುವುದರಿಂದ ಗುಂಡಿಯನ್ನು ಬ್ಯಾಟರಿಯಿಂದ ದೂರದಲ್ಲಿಡಬೇಕು; ಕುಲುಮೆಯ ಬಳಿಯಲ್ಲಿಯೂ ಇಲ್ಲಿಯೂ ಕಣ್ಣಿಗೆ ರಕ್ಷೆಯಿರಬೇಕು.

ಹೀಗೆ ಮಾಡಿದ ಅಯಸ್ಕಾಂತ ತನ್ನ ದೌರ್ಬಲ್ಯವನ್ನು ತಾನೇ ತೋರಿಸಿಕೊಡುತ್ತದೆ. ಅಡ್ಡಪಟ್ಟಿಯನ್ನು ತೆಗೆದೊಡನೆ ಬಲ ಕುಗ್ಗುತ್ತದೆ. ಕೆಳಕ್ಕೆ ಬಿದ್ದರೆ ಇನ್ನಷ್ಟು ಕುಗ್ಗುತ್ತದೆ. ಪಿಕಪ್ಪಿನಲ್ಲಿ ಎರಡು ಲಾಳಗಳ ಸಮಾನ ಧ್ರುವಗಳು ಎದುರುಬದುರಾಗಿರುವುದರಿಂದ, ಅವು ಒಂದನ್ನೊಂದು ತಳ್ಳುತ್ತ ಪರಸ್ಪರ ಕುಂದಿಸುತ್ತವೆ. ರಿಕನ್‌ಬ್ಯಾಕರ್ ವಾದ್ಯಗಳ ಮೊದಲ ಲಾಳಗಳು ಒಂದೂವರೆ ಅಂಗುಲ ಅಗಲವಾಗಿದ್ದುದರ ಔಚಿತ್ಯ ಈಗ ತಿಳಿಯುತ್ತದೆ. ಎರಡನೆಯ ಮಹಾಯುದ್ಧದ ತರುವಾಯ ಅವು ಒಂದೂಕಾಲು ಅಂಗುಲಕ್ಕೆ ಇಳಿದುವು. ಮುಂದೆ ಆಲ್ನಿಕೊ ಬಳಕೆಗೆ ಬಂದಾಗ ಬೆರಳುದ್ದವೂ ಇಲ್ಲದ ಕಡ್ಡಿಗಳೇ ಸಾಕಾದುವು. ಲಾಳ ತಂತಿಗಳ ಮೇಲಿನಿಂದ ಮರೆಯಾಗತೊಡಗಿತು.

ಈ ವಿವೇಚನೆಗೆ ವ್ಯಾವಹಾರಿಕವಾದ ಫಲವೊಂದುಂಟು. ೧೯೩೦ರ ದಶಕದ ವಾದ್ಯಗಳಲ್ಲಿ ದನಿ ಕ್ಷೀಣಿಸಿದ್ದರೆ, ಹಳೆಯ ಲಾಳವನ್ನು ಕಿತ್ತು ಇಂದಿನ ಪ್ರಬಲ ಅಯಸ್ಕಾಂತವನ್ನು ಕೂರಿಸುವ ಆಸೆ ಹುಟ್ಟುವುದು ಸಹಜ. ಹಾಗೆ ಮಾಡಿದರೆ ನಾದವೇನೋ ಜೋರಾದೀತು, ಸಾಕ್ಷ್ಯ ಮಾತ್ರ ಅಳಿಯುತ್ತದೆ. ಕುಂದಿದ ಉಕ್ಕಿಗೆ ಮತ್ತೆ ಕಾಂತತ್ವ ತುಂಬಬಹುದು. ಬಿಸುಟ ಉಕ್ಕನ್ನು ಮರಳಿ ತರಲಾಗದು. ಬೋಶಾಂ ೧೯೩೪ರಲ್ಲಿ ಬೇಡಿದ ಹಕ್ಕುಪತ್ರ ೧೯೩೭ರ ಆಗಸ್ಟ್ ೧೦ರಂದು ಅವನಿಗೆ ದೊರೆಯಿತು. ಆವಿಷ್ಕಾರ ಯಾರದೆಂಬುದನ್ನು ಆ ಪತ್ರ ಹೇಳುತ್ತದೆ. ಅದು ಏಕೆ ಆ ಆಕಾರವನ್ನು ತಳೆಯಿತೆಂಬುದನ್ನು ಹೇಳಬಲ್ಲುದು ಆ ಉಕ್ಕು. ಇತಿಹಾಸದ ವಿದ್ಯಾರ್ಥಿಗೆ ಎರಡು ದಾಖಲೆಗಳೂ ಬೇಕು.